ಕತ್ತೆ ಒಂದೋ ಎರಡೋ

ಆತ್ಮಕಥೆ ಬರೆಯುವವರು ತಲೆ ನರೆಯುವ ತನಕ ಕಾಯಬೇಕಂತೆ. ನನಗೆ ಹದಿನೇಳು ತುಂಬಿದೆ, ಎಡಗಿವಿಯ ಮೇಲೆ ಒಂದು ಬಿಳಿ ಕೂದಲು ಬಂದಿದೆ, ಅಷ್ಟು ಅರ್ಹತೆ ಸಾಕು ಅಂತ ಶುರು ಮಾಡಿದ್ದೇನೆ. ನಾನು ಹುಟ್ಟಿದ ತಾರೀಖು, ನಮ್ಮ ಮನೆತನದ ಮೂಲ ಇವೆಲ್ಲ ಬೇಕಾದವರು ಸೀದಾ ನಮ್ಮ ಆಯಿಯನ್ನು ಕೇಳಬಹುದು. ಆದರೆ ಬೆಳಗಿನ ಚಹಾಕ್ಕೆ ಹೋದವರು ರಾತ್ರಿ ಊಟ ಮುಗಿಸಿಯೇ ಹೊರಡಬೇಕಾಗುತ್ತದೆ, ಯಾಕೆಂದರೆ ಅವಳು ಆದಾಮನಿಂದ ಶುರು ಮಾಡುತ್ತಾಳೆ. ಆಯಿ ಅಂದರೆ ಅಪ್ಪನ ಅವ್ವ, ಎಸ್ತೇರವ್ವ. ಬೈಲಹೊಂಗಲದ ನಮ್ಮ ಓಣಿಯಲ್ಲಿ ಅವಳಿಗೆ ಹೆದರದೆ ಇದ್ದದ್ದು ಕರೆಂಟು ಒಂದೇ. ಅದು ಮಾತ್ರ ಅವಳ ಪ್ರಾರ್ಥನೆಯ ನಡುವೆಯೂ ಧೈರ್ಯವಾಗಿ ಎದ್ದು ಹೋಗುತ್ತಿತ್ತು.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಮುಂದೆ ಕಟ್ಟೆ, ಕಟ್ಟೆಗೆ ಎತ್ತರದ ಮೆಟ್ಟಿಲು, ಒಳಗೆ ಪಡಸಾಲೆ. ಪಡಸಾಲೆಯ ಅರ್ಧದಲ್ಲಿ ಅಪ್ಪನ ಟ್ರ್ಯಾಕ್ಟರ್ ರಿಪೇರಿಯ ಸಾಮಾನು, ಇನ್ನರ್ಧದ ಗೋಡೆಗಳಿಗೆ ದೇವರ ವಾಕ್ಯ ಬರೆದ ಕ್ಯಾಲೆಂಡರುಗಳು. ಹಳೆಯ ವರ್ಷದ ಕ್ಯಾಲೆಂಡರು ತೆಗೆಯಲು ಆಯಿ ಬಿಡುತ್ತಿರಲಿಲ್ಲ. ತಾರೀಖು ಮುಗಿದರೆ ವಾಕ್ಯ ಮುಗಿಯುತ್ತದೇನು ಅಂತ ಕೇಳುತ್ತಿದ್ದಳು. ಹೀಗಾಗಿ ನಮ್ಮ ಮನೆಗೆ ಸುಣ್ಣ ಬಳಿಯುವ ಕೆಲಸವೇ ಇರಲಿಲ್ಲ. ಗೋಡೆ ಕಂಡವರೇ ಇಲ್ಲ. ನನ್ನ ಅಂದಾಜಿನಲ್ಲಿ ಆ ಗೋಡೆ ಈಗ ಬಿದ್ದುಹೋಗಿದೆ, ಮಾಳಿಗೆ ನಿಂತಿರುವುದು ಕ್ಯಾಲೆಂಡರುಗಳ ಮೇಲೆ. ಇವೆಲ್ಲದರ ಹಿಂದೆ ಅಡುಗೆಮನೆ. ನಮ್ಮ ಮನೆಯಲ್ಲಿ ನಡೆದದ್ದೆಲ್ಲ ಅಲ್ಲೇ ನಡೆಯಿತು. ರೊಟ್ಟಿ ಬಡಿಯುವ ಸದ್ದು, ಪ್ರಾರ್ಥನೆ, ಜಗಳ ಎಲ್ಲವೂ ಒಂದೇ ಒಲೆಯ ಸುತ್ತ. ಒಮ್ಮೊಮ್ಮೆ ಮೂರೂ ಒಟ್ಟಿಗೆ.

ಊಟಕ್ಕೆ ಮೊದಲು ಒಂದು ಪದ್ಧತಿ ಇತ್ತು. ಅದಕ್ಕೆ ನಾವು ‘ಜೋಡಿ’ ಅನ್ನುತ್ತಿದ್ದೆವು. ಬರಲಿರುವ ರಕ್ಷಕನ ಬಗ್ಗೆ ಹಳೆ ಒಡಂಬಡಿಕೆಯ ಪ್ರವಾದಿಗಳು ಹೇಳಿಟ್ಟ ಒಂದು ಮಾತನ್ನು ಆಯಿ ಎತ್ತುವಳು. ಅದು ಯೇಸುವಿನ ಬದುಕಿನಲ್ಲಿ ಎಲ್ಲಿ ನೆರವೇರಿತು ಅನ್ನುವುದನ್ನು ನಾವು ಹೇಳಬೇಕು. ಹೇಳಿದವರ ತಾಟಿಗೆ ಬಿಸಿ ರೊಟ್ಟಿ, ಹೇಳದವರ ತಾಟಿಗೆ ಗಾಳಿ. ನಾನು ಎಲ್ಲವನ್ನೂ ಸ್ವಲ್ಪ ಹಿಗ್ಗಿಸಿ ಹೇಳುತ್ತೇನೆ ಅಂತ ನನ್ನ ಮೇಲೆ ಆಪಾದನೆ ಇದೆ. ಆದರೆ ಇದು ಅಪ್ಪಟ ಸತ್ಯ: ಟ್ರ್ಯಾಕ್ಟರಿನ ಗೇರ್‌ಬಾಕ್ಸನ್ನು ಕಣ್ಣು ಮುಚ್ಚಿ ಬಿಚ್ಚುವ ನಮ್ಮ ಅಪ್ಪ ಒಂದು ಸಂಜೆ, ಮೂರು ದಿನ ಮೀನಿನ ಹೊಟ್ಟೆಯಲ್ಲಿದ್ದ ಯೋನನ ಜೋಡಿ ಮರೆತು, ಬರೀ ಪುಂಡಿಪಲ್ಯ ನೆಕ್ಕಿ ಎದ್ದ. ನಾನೋ, ಆ ಆಟದ ಚಾಂಪಿಯನ್ನು. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಡುತ್ತಿದ್ದೆ, ಬೇರೆಯವರ ಉತ್ತರವನ್ನೂ ಕೊಡುತ್ತಿದ್ದೆ.

“ಮೀಕ ಪ್ರವಾದಿ ಏನ ಹೇಳಿದ? ಸಣ್ಣ ಊರು, ಯಾರೂ ಲೆಕ್ಕಕ್ಕ ಹಿಡೀಲಾರದ ಊರು, ಅಲ್ಲಿಂದ ಆಳಾಂವ ಬರ್ತಾನಂತ. ಯಾವ ಊರದು?”

“ಬೆತ್ಲೆಹೇಮ್, ಆಯಿ! ನಮ್ಮ ಸುರೇಬಾನದಂಥಾದ್ದು!”

ಸುರೇಬಾನ ನಮ್ಮ ಅವ್ವನ ತವರು. ಅವ್ವ ಸಾರಿನ ಸೌಟು ಕೆಳಗಿಟ್ಟಳು.

“ಯಾಕ, ಸುರೇಬಾನಕ್ಕ ಏನ ಕಡಿಮಿ ಆಗೇತಿ? ದಿನಾ ರಾಮದುರ್ಗಕ್ಕ ಬಸ್ಸ ಅದಾವು. ನಿಮ್ಮ ಬೆತ್ಲೆಹೇಮಕ್ಕ ಇದ್ವೇನು?”

ಎದುರುಮನೆಯ ನೀಲವ್ವ ಹಿತ್ತಲ ಬಾಗಿಲಿಗೆ ಬಂದು ಕೂತು ಈ ಜೋಡಿಯನ್ನು ಕೇಳುತ್ತಿದ್ದಳು. ಅವಳು ಹಣೆ ತುಂಬ ವಿಭೂತಿ ಬಳಿದುಕೊಳ್ಳುವ, ಸೋಮವಾರ ಉಪವಾಸ ಹಿಡಿಯುವ ಹೆಂಗಸು. ಬೈಬಲ್ಲಿನ ಬಗ್ಗೆ ಪಾಸ್ಟರಿಗೂ ಹೊಳೆಯದ ಪ್ರಶ್ನೆಗಳು ಅವಳಿಗೆ ಹೊಳೆಯುತ್ತಿದ್ದವು.

“ಅಲ್ಲ ಎಸ್ತೇರವ್ವಾ, ಅಷ್ಟೆಲ್ಲ ಮದ್ಲ ಹೇಳಿ ಇಟ್ಟಿದ್ರಲ್ಲ, ಮತ್ತ ಅಂವ ಬಂದಾಗ ಆ ಮಂದಿ ಯಾಕ ಗುರ್ತಾ ಹಿಡೀಲಿಲ್ಲ?”

“ಕಿವಿ ಇತ್ತು, ಕೇಳಿದ್ರು,” ಅಂದಳು ಆಯಿ, ರೊಟ್ಟಿ ತಿರುವಿ ಹಾಕುತ್ತ. “ಆದ್ರ ಅವ್ರು ತಮಗ ಬೇಕಾದಾಂವನ್ನ ಹುಡುಕಾಕತ್ತಿದ್ರು. ಕುದರಿ ಏರಿ, ದಂಡ ಕಟ್ಕೊಂಡ ಬರ್ತಾನಂತ ದಾರಿ ನೋಡಿದ್ರು. ಇಂವ ಬಡವರ ಮನಿ ಕೂಸಾಗಿ ಬಂದ. ದೇವರು ಮಾತ ತಪ್ಪೂದಿಲ್ಲ ನೀಲವ್ವಾ. ನಾವು ಅಂದ್ಕೊಂಡಂಗ ಬರೂದಿಲ್ಲ, ಅಷ್ಟ.”

ಇಷ್ಟು ಚೆನ್ನಾಗಿ ಹೇಳಿದ ಹೆಂಗಸು ತನ್ನ ಮಗನ ವಿಷಯದಲ್ಲಿ ಮಾತ್ರ ದೇವರಿಗೇ ದಾರಿ ತೋರಿಸಲು ಹೊರಟಿದ್ದಳು. ಅಪ್ಪನ ತಮ್ಮ ಪ್ರಸನ್ನ ಕಾಕಾ ಯರಗಟ್ಟಿಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದ. ವಾರಕ್ಕೊಮ್ಮೆ ಬೈಕಿನಲ್ಲಿ ಬರುತ್ತಿದ್ದ, ನನಗೆ ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆಯುವುದನ್ನು ಕಲಿಸಿದವನು ಅವನೇ. ಅಂಥ ಕಾಕಾ ಸಂಗೊಳ್ಳಿಯ ಒಕ್ಕಲುತನದ ಮನೆಯ ಸವಿತಾ ಎಂಬ ಹುಡುಗಿಯನ್ನು ರಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದ, ಮಾಡಿಕೊಂಡ ಮೇಲೆ ಮನೆಗೆ ಫೋನು ಮಾಡಿದ. ಹುಡುಗಿ ಲಿಂಗ ಕಟ್ಟುವ ಮನೆಯವಳು ಅನ್ನುವುದು ಆಯಿಗೆ ಎರಡನೆಯ ನೋವು. ಮೊದಲನೆಯದು, ತನಗೆ ಹೇಳಲಿಲ್ಲ ಅನ್ನುವುದು. ಆಯಿ ಅಳಲಿಲ್ಲ, ಬೈಯಲಿಲ್ಲ. ಅವತ್ತಿನ ಊಟದಲ್ಲಿ ಜೋಡಿ ಕೇಳುವ ಬದಲು ತಾನೇ ಒಂದು ಪ್ರವಾದನೆ ನುಡಿದಳು.

“ಕೇಳ್ರಿ ಎಲ್ಲಾರೂ. ಅಂವ ತಾನಾಗೇ ಈ ಬಾಗ್ಲಿಗೆ ಬರ್ತಾನ. ಒಬ್ಬನ ಬರ್ತಾನ. ತಲಿ ತಗ್ಗಿಸ್ಕೊಂಡ ಬರ್ತಾನ.”

ಅಪ್ಪ ಬಿಡಿಭಾಗದ ನೆಪ ಮಾಡಿ ಯರಗಟ್ಟಿಗೆ ಹೋಗಿ ಈ ಸುದ್ದಿ ಮುಟ್ಟಿಸಿದ. ಕಾಕಾ ಕೂಡ ಆಯಿಯದೇ ಹೊಟ್ಟೆಯವನು. “ಸವಿತಾನ್ನ ಬಿಟ್ಟ ಒಬ್ಬನ ನಾ ಆ ಮನಿ ಮೆಟ್ಲಾ ಹತ್ತೂದಿಲ್ಲ ಅಣ್ಣಾ, ಅವ್ವಗ ಹೇಳು,” ಅಂದ. ಅಲ್ಲಿಗೆ ಮುಗಿಯಿತು. ಒಬ್ಬನೇ ಬಾ ಅಂತ ಇವಳು, ಒಬ್ಬನೇ ಬರುವುದಿಲ್ಲ ಅಂತ ಅವನು. ಕ್ರಿಸ್ಮಸ್ಸು ಬಂತು, ಹೋಯಿತು, ಮತ್ತೆ ಬಂತು. ಕಾಕಾನ ಹೆಸರು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಆದರೆ ಸಂಜೆ ಆಯಿ ರೊಟ್ಟಿ ಬಡಿಯುವಾಗ ಓಣಿಯಲ್ಲಿ ಯಾವುದಾದರೂ ಬೈಕಿನ ಸದ್ದು ಬಂದರೆ ಅವಳ ಕೈ ನಿಲ್ಲುತ್ತಿತ್ತು. ಸದ್ದು ನಮ್ಮ ಮನೆ ದಾಟಿ ಹೋದ ಮೇಲೆ ಮತ್ತೆ ಬಡಿಯಲು ಶುರು ಮಾಡುತ್ತಿದ್ದಳು, ಸ್ವಲ್ಪ ಜೋರಾಗಿ. ಆ ರೊಟ್ಟಿಗೆ ನಡುವೆ ತೂತು ಬೀಳುತ್ತಿತ್ತು. ನಮ್ಮ ಓಣಿಯಲ್ಲಿ ಬೈಕು ಹೆಚ್ಚಾದ ವರ್ಷ ನಾವು ತಿಂದದ್ದು ರೊಟ್ಟಿಯಲ್ಲ, ಜಾಳಿಗೆ.

ನನಗೆ ಒಂಬತ್ತೋ ಹತ್ತೋ ಇದ್ದಾಗ ನಮ್ಮ ಸಭೆಗೆ ಹೊಸ ಪಾಸ್ಟರು ಬಂದರು. ಹೊಸಬರಾದ್ದರಿಂದ ಉತ್ಸಾಹ ಜಾಸ್ತಿ. ಗರಿಗಳ ಭಾನುವಾರ, ಅಂದರೆ ಈಸ್ಟರಿಗೆ ಒಂದು ವಾರ ಮೊದಲು, ಯೇಸು ಯೆರೂಸಲೇಮಿನೊಳಗೆ ಕತ್ತೆಯ ಮೇಲೆ ಬಂದದ್ದನ್ನು ನೆನೆದು ನಾವು ಗರಿ ಹಿಡಿದು ಹಾಡುತ್ತ ಮೆರವಣಿಗೆ ಹೋಗುತ್ತೇವೆ. ಈ ಸಲ ನಿಜವಾದ ಕತ್ತೆಯೇ ಮುಂದೆ ನಡೆಯಲಿ ಅಂತ ಪಾಸ್ಟರು ಅಂದರು. ಅಂದದ್ದೇ ತಡ, ಸ್ತ್ರೀ ಸಂಘದ ಹಿರಿಯಳಾಗಿ ಆಯಿ ಆ ಜವಾಬ್ದಾರಿಯನ್ನು ಸೆರಗಿಗೆ ಕಟ್ಟಿಕೊಂಡು ಮನೆಗೆ ಬಂದಳು. ಮಂಡಿನೋವಿನಿಂದ ತಾನು ಮೆರವಣಿಗೆಯಲ್ಲಿ ನಡೆಯಲಾರೆ, ಆದ್ದರಿಂದ ಮೆರವಣಿಗೆಯೇ ನಮ್ಮ ಓಣಿಯ ಮೂಲಕ ಹಾಯಬೇಕು ಅಂತಲೂ ತೀರ್ಮಾನ ಮಾಡಿಸಿಕೊಂಡು ಬಂದಿದ್ದಳು. ಊಟಕ್ಕೆ ಕೂತಾಗ ಜಗಳ ಶುರುವಾಯಿತು. ಬರುವ ಅರಸ ದೀನನಾಗಿ ಕತ್ತೆಯ ಮೇಲೆ ಬರುತ್ತಾನೆ ಅಂತ ಜೆಕರ್ಯ ಪ್ರವಾದಿ ಹೇಳಿದ್ದಾನಲ್ಲ, ಅಲ್ಲಿ ಕತ್ತೆಯ ಮಾತೂ ಇದೆ, ಮರಿಯ ಮಾತೂ ಇದೆ. ಯೇಸುವಿನ ಕಥೆ ಬರೆದ ನಾಲ್ವರಲ್ಲಿ ಮತ್ತಾಯನು ಎರಡನ್ನೂ ತಂದರು ಅನ್ನುತ್ತಾನೆ. ಉಳಿದವರ ಕಥೆಯಲ್ಲಿ ಬರೀ ಮರಿ. ದೊಡ್ಡ ದೊಡ್ಡ ಪಂಡಿತರು ಇದರ ಮೇಲೆ ಪುಸ್ತಕ ಬರೆದಿದ್ದಾರಂತೆ. ನಮ್ಮ ಮನೆಯಲ್ಲಿ ಶೇಂಗಾ ಚಟ್ನಿಯ ಮೇಲೆ ತೀರ್ಮಾನವಾಯಿತು.

“ಒಂದ ಸಾಕ ತಗೋ ಅವ್ವಾ,” ಅಂದ ಅಪ್ಪ. “ಒಂದ ಕತ್ತಿ ಹುಡುಕೂದ ತ್ರಾಸ ಐತಿ. ಕೂಡಾಕ ಒಂದ ಇದ್ರ ಎರಡನೇದ್ದು ಯಾಕ?”

“ಬರದಿದ್ದರಾಗ ಎರಡ ಅದಾವು.”

“ಅದು ಕವಿತಾದ ಮಾತು, ಒಂದನ್ನ ಎರಡ ಸಲ ಹೇಳ್ತಾರ ಅಂತ ಪಾಸ್ಟರು ಹೇಳ್ಯಾರ.”

“ಪಾಸ್ಟರಿಗೆ ದನಾಕರಾ ಏನ ಗೊತ್ತೈತಿ? ಎಂದೂ ಮಂದಿ ಕೂಡದ ಮರಿ ಅದು. ಅಷ್ಟ ಗದ್ಲದಾಗ ತಾಯಿ ಬಿಟ್ಟ ಅದು ಹ್ಯಾಂಗ ನಡದೀತು? ತಾಯಿ ಜೋಡಿ ಇರಾಕಬೇಕು. ತಾಯಿ ಬಿಟ್ಟ ಮರಿ ಎಲ್ಲಿ…”

ಆಯಿ ಮಾತು ಅಲ್ಲೇ ಬಿಟ್ಟು ಚಟ್ನಿಯ ಬಟ್ಟಲು ಹತ್ತಿರ ಎಳೆದುಕೊಂಡಳು. ಅಪ್ಪ ತಾಟಿನ ಕಡೆ ನೋಡುತ್ತ ಮೆಲ್ಲಗೆ ಅಂದ:

“ನೋಡವ್ವಾ. ನೀನ ಅಂದಿ.”

ಅವ್ವ ಯಾರೂ ಕೇಳದಿದ್ದರೂ ಎಲ್ಲರಿಗೂ ಸಾರು ಬಡಿಸಿದಳು. ನಾನು ಮಾತ್ರ ಆಗಲೇ ಬೇರೆ ಲೆಕ್ಕದಲ್ಲಿದ್ದೆ. ಜೋಡಿಯ ಚಾಂಪಿಯನ್ನಾದ ನನಗೆ ಒಂದು ಸಂಗತಿ ಹೊಳೆದಿತ್ತು, ಅದು ಹೊಳೆದ ಕ್ಷಣದಿಂದ ನಾನು ಬೇರೆಯೇ ಹುಡುಗಿಯಾದೆ ಅಂದರೂ ನಡೆದೀತು. ಆ ಕತ್ತೆ ತಾನಾಗಿ ನಡೆದುಕೊಂಡು ಯೇಸುವಿನ ಮುಂದೆ ಬಂದು ನಿಲ್ಲಲಿಲ್ಲ. ಯೇಸುವೇ ಇಬ್ಬರು ಶಿಷ್ಯರನ್ನು ಕಳಿಸಿ ತರಿಸಿಕೊಂಡ. ಅಂದರೆ, ದೇವರು ಮಾತು ಕೊಟ್ಟಿದ್ದಾನೆ ಅಂತ ಕಟ್ಟೆಯ ಮೇಲೆ ಕೂತಿದ್ದರೆ ಆಗುವುದಿಲ್ಲ, ಯಾರಾದರೂ ಹೋಗಿ ಹಗ್ಗ ಬಿಚ್ಚಬೇಕು. ನಮ್ಮ ಮನೆಯಲ್ಲಿ ಪ್ರವಾದನೆ ಇತ್ತು, ಬಾಗಿಲು ಇತ್ತು, ಕಾಯುವವಳು ಇದ್ದಳು. ಹಗ್ಗ ಬಿಚ್ಚುವವರು ಇರಲಿಲ್ಲ. ಮರುದಿನ ಅವ್ವ ಬಟ್ಟೆ ಒಗೆಯಲು ಹೋದಾಗ ಅವಳ ಮೊಬೈಲು ತೆಗೆದುಕೊಂಡು ಮಾಳಿಗೆ ಹತ್ತಿದೆ.

“ಕಾಕಾ, ನಾ ಕೃಪಾ. ಅರ್ಜೆಂಟ ಒಂದ ಕತ್ತಿ ಬೇಕಾಗೇತಿ. ಮರಿ ಸಮೇತ.”

“ಯಾರಿಗವಾ?”

“ಕರ್ತನಿಗೆ.”

ಆ ಕಡೆ ಕಾಕಾ ತಿರುಗುತ್ತಿದ್ದ ಮೋಟರು ಬಂದ್ ಮಾಡಿದ.

“ನಿಮ್ಮ ಆಯಿ ಹೇಳಿದ್ಲೇನು?”

“ಆಯಿ ನಿನ್ನ ಹೆಸರ ಎತ್ತಿಲ್ಲ. ಆದ್ರ ಕತ್ತಿ ಸಿಗಲಿಲ್ಲಂದ್ರ ಸಭಾದಾಗ ಆಕಿ ಮಾನಾ ಹೋಗ್ತೇತಿ.”

“ಮತ್ತ ಹೆಸರ ಎತ್ತದಿದ್ರ ನಾ ಯಾಕ ತರ್ಲಿ?”

“ಕಾಕಾ, ಬೈಬಲ್‌ನ್ಯಾಗ ಕತ್ತಿ ಮಾಲಕ ಇಷ್ಟ ಪ್ರಶ್ನೆ ಹಾಕಿಲ್ಲ. ಕರ್ತನಿಗೆ ಬೇಕಂದ ಕೂಡ್ಲೆ ಬಿಟ್ಟ ಕೊಟ್ಟ.”

ಕಾಕಾ ನಕ್ಕ. ಅಷ್ಟು ದಿನದ ಮೇಲೆ ಆ ನಗು ಕೇಳಿ ನಾನು ಮಾಳಿಗೆಯಿಂದ ಬೀಳುವುದೊಂದು ಬಾಕಿ. ಅಷ್ಟರಲ್ಲಿ ಒಂದು ಹೆಣ್ಣುದನಿ ಫೋನು ಕಸಿದುಕೊಂಡಿತು.

“ಯಾರು, ಕೃಪಾ ಏನು? ನಾ ನಿನ್ನ ಸವಿತಾ ಕಾಕು. ಇಲ್ಲೆ ಬಜಾರದಾಗ ಹೇರ ಹೊರೂ ಕತ್ತಿ ಅದಾವು, ಒಂದ ಈದಿದ್ದೂ ಐತಿ. ತರ್ತೇವಿ. ಆದ್ರ ತಾಯಿ-ಮರಿ ಸಂಭಾಳ್ಸೂದು ನಿಮ್ಮ ಕಾಕಾನ ಕೈಲಿ ಆಗೂದಿಲ್ಲ, ಅವ್ರು ಮೋಟರ ಮಂದಿ. ನಾನೂ ಬರಾಕಿ.”

ಕತ್ತೆಯ ವ್ಯವಸ್ಥೆ ನಾನು ಮಾಡಿದ್ದೇನೆ, ಯರಗಟ್ಟಿಯಿಂದ ಬರುತ್ತದೆ ಅಂತ ಸಂಜೆ ಮನೆಯಲ್ಲಿ ಸಾರಿದೆ. ಅಪ್ಪನಿಗೆ ಕೆಮ್ಮು ಬಂತು. ಸಾಸಿವೆ ಕಾಳಿಗೂ ಲೆಕ್ಕ ಕೇಳುವ ಆಯಿ, ತರುವವರು ಯಾರು ಅಂತ ಕೇಳಲಿಲ್ಲ. “ಹೂಂ” ಅಂದಳು. ಶನಿವಾರ ಕಟ್ಟೆಯನ್ನು ತೊಳೆದಳು. ಭಾನುವಾರ ನಸುಕಿನಲ್ಲಿ ಮತ್ತೆ ತೊಳೆದಳು. ಕತ್ತೆ ಬಂದು ನೋಡುತ್ತದೆ ಅಂತ ಇಳಕಲ್ಲ ಸೀರೆಯನ್ನೂ ಉಟ್ಟುಕೊಂಡಳು.

ಟೆಂಪೋ ಗುಡಿಯ ಮುಂದೆ, ಅಂದರೆ ನಮ್ಮ ಪ್ರಾರ್ಥನೆಯ ಗುಡಿಯ ಮುಂದೆ ಬಂದು ನಿಂತಿತು. ಕಾಕಾ ಸ್ವಲ್ಪ ದಪ್ಪಗಾಗಿದ್ದ. ಸವಿತಾ ಕಾಕು ಹಣೆಗೆ ವಿಭೂತಿ ಹಚ್ಚಿ, ಸೆರಗು ಬಿಗಿದು, ಮರಿಯನ್ನು ಎತ್ತಿಕೊಂಡೇ ಇಳಿದಳು. ಕತ್ತೆಯ ಮೇಲೆ ಯಾರು ಕೂಡಬೇಕು ಅನ್ನುವ ಪ್ರಶ್ನೆಗೆ ಆಯಿ ಮೊದಲೇ ಉತ್ತರ ಕಳಿಸಿದ್ದಳು: ಯಾರೂ ಕೂಡಬಾರದು, ಕರ್ತನೇ ಕೂತಿದ್ದಾನೆ ಅಂತ ತಿಳಿದು ನಡೆಯಿರಿ. ಬೆನ್ನಿಗೆ ಒಂದು ಬಿಳಿ ಚಾದರ ಹೊದಿಸಿ ಖಾಲಿ ಬಿಟ್ಟೆವು. ನನಗೆ ತಮಾಷೆಯ ಹೊರತು ಬೇರೇನೂ ಗೊತ್ತಿಲ್ಲದ ವಯಸ್ಸು. ಆದರೂ ಆ ಖಾಲಿ ಚಾದರ ನೋಡಿದಾಗ ಸೀಟಿ ಹೊಡೆಯಲು ಬಾಯಿಗಿಟ್ಟ ಬೆರಳು ತೆಗೆದುಬಿಟ್ಟೆ.

ಇಲ್ಲಿಯವರೆಗೆ ಎಲ್ಲ ಬರೆದಂತೆಯೇ ನಡೆಯಿತು. ಆದರೆ ನಮ್ಮ ಸಭೆ ಒಂದು ತಪ್ಪು ಮಾಡಿತ್ತು. ಆ ವರ್ಷ ತೆಂಗಿನ ಗರಿ ಸಾಲದೆ ಹಿರಿಯರೊಬ್ಬರು ತಮ್ಮ ಹೊಲದ ಕಬ್ಬಿನ ಹಸಿರು ಸೋಗೆ ತರಿಸಿ ಎಲ್ಲರ ಕೈಗೂ ಹಂಚಿದ್ದರು. ದೂರದಿಂದ ನೋಡಿದರೆ ಗರಿಯ ಹಾಗೆಯೇ ಕಾಣುತ್ತಿತ್ತು. ಕತ್ತೆ ಹತ್ತಿರದಿಂದ ನೋಡಿತು. ನಾವು ‘ಹೊಸನ್ನ’ ಅಂತ ಜಯಕಾರ ಹಾಕಿ ಸೋಗೆ ಎತ್ತಿ ಬೀಸಿದ ಕೂಡಲೇ ಅದು ತನ್ನ ಬದುಕಿನಲ್ಲೇ ಇಂಥ ಸ್ವಾಗತ ಕಾಣದ ಹಾಗೆ ಗರ್ರನೆ ಹಿಂದೆ ತಿರುಗಿ ಸಭೆಯನ್ನು ಮೇಯಲು ಶುರು ಮಾಡಿತು. ಮೊದಲು ಭಾನುವಾರದ ಶಾಲೆಯ ಮಕ್ಕಳದ್ದು ತಿಂದಿತು, ಆಮೇಲೆ ಗಾಯನ ತಂಡದ್ದು. ಪಾಸ್ಟರು ತಮ್ಮ ಸೋಗೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. ಅದು ಸುತ್ತು ಹಾಕಿ ಬೆನ್ನ ಹಿಂದೆ ಹೋಯಿತು. ಕಾಕಾ ಹಗ್ಗ ಹಿಡಿದು ಎಳೆದ, ಎರಡು ಹೆಜ್ಜೆ ಕತ್ತೆಯೇ ಅವನನ್ನು ಎಳೆಯಿತು.

“ಅಯ್ಯ, ಏನ ಮಂದ್ಯೋ ನೀವು!” ಅಂತ ಸವಿತಾ ಕಾಕುವಿನ ದನಿ ಎಲ್ಲ ಹಾಡಿನ ಮೇಲೆ ಏರಿತು. “ಹಿಂದ ಮೇವ ಹಿಡದ್ರ ಅದು ಮುಂದ ಹ್ಯಾಂಗ ಹೋದೀತ್ರಿ? ಸೋಗಿ ಇದ್ದಾರೆಲ್ಲ ಮುಂದ ಬರ್ರಿ. ನಾ ಮರಿ ಹಿಡಕೊಂಡ ನಡೀತೇನಿ, ತಾಯಿ ತಾನ ಬರ್ತೇತಿ. ರೀ, ನೀವು ಹಿಂದ ನಿಂತ ನೂಕ್ರಿ!”

ಹೀಗೆ ಬೈಲಹೊಂಗಲದ ಓಣಿಯಲ್ಲಿ ಗರಿಗಳ ಭಾನುವಾರದ ಮೆರವಣಿಗೆ ತಿರುಗುಮುರುಗಾಗಿ ಹೊರಟಿತು. ಹಿಂದೆ ಇರಬೇಕಾದ ಸಭೆಯೆಲ್ಲ ಮುಂದೆ, ಅದರ ಹಿಂದೆ ಮರಿಯನ್ನು ತಬ್ಬಿಕೊಂಡ ವಿಭೂತಿಯ ಸೊಸೆ, ಅವಳ ಹಿಂದೆ ಖಾಲಿ ಚಾದರ ಹೊತ್ತ ತಾಯಿ ಕತ್ತೆ, ಎಲ್ಲರಿಗಿಂತ ಕೊನೆಯಲ್ಲಿ ಅದರ ಹಿಂಭಾಗಕ್ಕೆ ಹೆಗಲು ಕೊಟ್ಟು, ತಲೆ ನೆಲದ ಕಡೆ ಬಗ್ಗಿಸಿ ನೂಕುತ್ತಿರುವ ಪ್ರಸನ್ನ ಕಾಕಾ. ನಮ್ಮ ಮನೆಯ ಮುಂದೆ ಬಂದಾಗ ಮರಿ ಬಿಸಿಲಿಗೆ ಸೋತು ನಾಲಿಗೆ ಚಾಚಿತು. ಸವಿತಾ ಕಾಕು ನಿಂತಳು, ತಾಯಿ ನಿಂತಿತು, ಕಾಕಾನ ತಲೆ ಕತ್ತೆಗೆ ಬಡಿಯಿತು. ಕಟ್ಟೆಯ ಮೇಲೆ ಆಯಿ ನಿಂತಿದ್ದಳು. ನಿಲ್ಲಿಸಿ ಅಂತ ಯಾರೂ ಹೇಳದೆ ಹಾಡು ತಾನಾಗಿ ನಿಂತಿತು.

ಅತ್ತೆ ಸೊಸೆ ಒಬ್ಬರನ್ನೊಬ್ಬರು ಕಂಡದ್ದು ಅದೇ ಮೊದಲು. ಆಯಿ ವಿಭೂತಿ ನೋಡಿದಳು, ತೋಳಿನ ಮೇಲಿನ ಮರಿ ನೋಡಿದಳು, ಹಿಂದೆ ಬಗ್ಗಿದ ತಲೆಯನ್ನೂ ನೋಡಿದಳು. ಸವಿತಾ ಕಾಕು ನಮಸ್ಕಾರ ಮಾಡಲಿಲ್ಲ, ಕೈ ಖಾಲಿ ಇರಲಿಲ್ಲ.

“ಅತ್ತೀ, ಮರಿ ಭಾಳ ನೀರಡಿಸೇತಿ. ಒಂದ ತಂಬಿಗಿ ನೀರ ಕೊಡ್ತೀರೇನ್ರಿ?”

ಒಬ್ಬನೇ ಬರುತ್ತಾನೆ ಅಂದಿದ್ದವಳು ಈಗ ಬಾಗಿಲು ಹಾಕಿಕೊಂಡರೆ, ಊರ ಮುಂದೆ ಹಾಕಿಕೊಂಡ ಬಾಗಿಲು ಮತ್ತೆ ತೆರೆಯುವುದಿಲ್ಲ. ಅದು ನನಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು.

“ಅಡಗಿಮನ್ಯಾಗ ಕೊಡಾ ಐತಿ,” ಅಂದಳು ಆಯಿ. “ನಾ ಮಂಡಿ ನೋವಿನಾಕಿ. ನೀನ ಒಳಗ ಹೋಗಿ ತಗೋ.”

ಸವಿತಾ ಕಾಕು ಮರಿಯನ್ನು ಕೆಳಗಿಳಿಸಿ ನನಗೆ ಒಪ್ಪಿಸಿ, ಮೆಟ್ಟಿಲು ಹತ್ತಿ, ಚಪ್ಪಲಿ ಬಿಟ್ಟು ಒಳಗೆ ಹೋದಳು. ಇದನ್ನೆಲ್ಲ ಸುಮ್ಮನೆ ನೋಡಿ ಸಂತೋಷಪಡುವ ಹೆಂಗಸಾಗಿದ್ದರೆ ನೀಲವ್ವ ನೀಲವ್ವನಾಗಿರುತ್ತಿರಲಿಲ್ಲ. ಎದುರುಕಟ್ಟೆಯಿಂದಲೇ ಕೂಗಿದಳು.

“ಎಸ್ತೇರವ್ವಾ! ತಾನಾಗೇ ಬಂದ, ಖರೆ. ತಲಿ ತಗ್ಗಿಸ್ಕೊಂಡ ಬಂದ, ಅದೂ ಖರೆ. ಆದ್ರ ಒಬ್ಬನ ಬರ್ತಾನಂದಿದ್ದೆಲ್ಲಾ?”

ಇಡೀ ಸಭೆ ಆಯಿಯ ಕಡೆ ತಿರುಗಿತು. ಆಯಿ ಸೆರಗು ಸರಿಮಾಡಿಕೊಂಡಳು.

“ಒಬ್ಬನ ಬಂದಾನ,” ಅಂದಳು. “ಗಂಡ ಹೆಂಡ್ತಿ ಕೂಡಿದ್ರ ಒಂದ ಶರೀರ ಅಂತ ಆದಿಯೊಳಗ ಹೇಳ್ಯಾನ ದೇವರು. ಎಣಿಸಾಕ ಬರಲಿಲ್ಲಂದ್ರ ನಿನ್ನ ತಪ್ಪು ನೀಲವ್ವಾ, ನನ್ನದಲ್ಲ.”

ಪಾಸ್ಟರು ಆಮೆನ್ ಅಂದುಬಿಟ್ಟರು. ನಾನು ಇವತ್ತಿಗೂ ಯಾರ ಜೊತೆ ವಾದಕ್ಕೆ ನಿಂತರೂ ಸೋಲುವುದಿಲ್ಲ ಅನ್ನುವ ಸೊಕ್ಕು ನನಗಿದ್ದರೆ, ಅದು ನಾನು ಅವತ್ತು ಬಾಯಿ ತೆರೆದು ನೋಡಿ ಕಲಿತದ್ದು. ಅಷ್ಟರಲ್ಲಿ ಸವಿತಾ ಕಾಕು ತಂಬಿಗೆ ತಂದಳು. ಮರಿ ಕುಡಿಯಿತು, ಅರ್ಧ ನನ್ನ ಮೈಮೇಲೆ ಚೆಲ್ಲಿತು. ಕಾಕಾ ಮಾತ್ರ ಇನ್ನೂ ಕತ್ತೆಯ ಹಿಂದೆಯೇ ನಿಂತಿದ್ದ.

“ಅವ್ವಾ…” ಅಂದ.

“ಮದ್ಲ ಕತ್ತಿ ಕಟ್ಟು. ಆಮ್ಯಾಲ ಮಾತು.”

ಕಾಕಾ ಹಗ್ಗವನ್ನು ಕಿಟಕಿಯ ಸರಳಿಗೆ ಸುತ್ತಿದ. ಕೂದಲೆಳೆಯಂಥ ತಾಮ್ರದ ತಂತಿಯನ್ನು ಎಡವದೆ ಸುತ್ತುವ ಕೈ ಅದು. ಅವತ್ತು ಒಂದು ಗಂಟು ಹಾಕಲು ಬರಲಿಲ್ಲ. ಹಗ್ಗ ಜಾರಿತು, ಎತ್ತಿದ, ಮತ್ತೆ ಜಾರಿತು. ಕತ್ತೆ ಕೂಡ ತಿರುಗಿ ನೋಡಿತು. ಆಯಿ ಗೋಡೆ ಹಿಡಿದು, ಹಲ್ಲು ಕಚ್ಚಿ, ಒಂದೊಂದೇ ಮೆಟ್ಟಿಲು ಇಳಿದು ಬೀದಿಗೆ ಬಂದಳು.

“ಕೊಡಿಲ್ಲಿ,” ಅಂದಳು.

ಹಗ್ಗದ ಜೊತೆ ಅವನ ಕೈಯೂ ಅವಳ ಕೈಗೆ ಬಂತು. ಆಯಿ ಎರಡನ್ನೂ ಸೇರಿಸಿ ಹಿಡಿದುಕೊಂಡೇ ಗಂಟು ಹಾಕಿದಳು. ಗಂಟು ಗಟ್ಟಿಯಾಗಿ ಬಿದ್ದು, ಮೆರವಣಿಗೆ ಮತ್ತೆ ಹಾಡಲು ಶುರು ಮಾಡಿದ ಮೇಲೂ ಅವಳು ಬಿಡಲಿಲ್ಲ.